ಮರದ ಬಿಲ್ಲಿಗೆ ಹೊಂದುವ ಬಾಣ: ಅಳೆಯುವ, ತಿದ್ದುವ ಬಗೆ

ಬಿದಿರಿನಿಂದಲೋ ಅಡಿಕೆ ದಬ್ಬೆಯಿಂದಲೋ ಶ್ರಮಪಟ್ಟು ಬಿಲ್ಲು ಮಾಡಿಕೊಂಡವರು ಅದಕ್ಕೆ ಕೈಗೆ ಸಿಕ್ಕ ಬಾಣವನ್ನು ಹೂಡಿ, ಅದು ಬಾಲ ಒದರುತ್ತ ಪಕ್ಕಕ್ಕೆ ಸರಿದಾಗ ತಮ್ಮ ಗುರಿಯನ್ನೇ ಹಳಿದುಕೊಳ್ಳುವುದನ್ನು ತೀರ್ಥಹಳ್ಳಿ, ಹೊಸನಗರದ ಕಡೆ ಸಾಕಷ್ಟು ನೋಡಿದ್ದೇನೆ. ಸ್ಪರ್ಧೆಯ ಬಿಲ್ಲುಗಳಲ್ಲಿ ಹಿಡಿಯ ಮೇಲ್ಭಾಗವನ್ನು ನಡುವಿನವರೆಗೆ ಕೊರೆದಿರುವುದರಿಂದ ಬಾಣ ಹೆದೆಯ ನೇರದಲ್ಲೇ ಕೂರುತ್ತದೆ. ಮರದ ಬಿಲ್ಲಿನಲ್ಲಿ ಅದು ಹಿಡಿಯ ಪಕ್ಕಕ್ಕೆ ಒರಗಿ ಕೊಂಚ ಓರೆಯಾಗಿರುತ್ತದೆ. ಹೆದೆ ಬಿಟ್ಟೊಡನೆ ಹಾವಿನಂತೆ ಬಳುಕಿ ಹಿಡಿಯನ್ನು ಬಳಸಿಕೊಂಡು ಹೋಗಬೇಕಾಗುತ್ತದೆ. ಆ ಬಳುಕು ಎಷ್ಟಿರಬೇಕೆಂಬುದೇ ಇಲ್ಲಿನ ಲೆಕ್ಕ.

ಮೊದಲು ಬಿಲ್ಲಿನ ಭಾರ, ಅಂದರೆ ಹೆದೆಯನ್ನು ಪೂರ್ತಿ ಎಳೆಯಲು ಬೇಕಾಗುವ ಬಲ, ತಿಳಿಯಬೇಕು. ಹಿಡಿಯನ್ನು ತೊಲೆಗೆ ತೂಗುಹಾಕಿ, ಲಗೇಜು ತೂಗುವ ಕೊಕ್ಕೆಯ ತಕ್ಕಡಿಯನ್ನು ಹೆದೆಗೆ ಸಿಕ್ಕಿಸಿ, ನೀವು ಎಳೆಯುವಷ್ಟೇ ಉದ್ದಕ್ಕೆ ಎಳೆದು ನೋಡಿ. ಬಂದ ಕಿಲೋವನ್ನು 2.2ರಿಂದ ಗುಣಿಸಿದರೆ ಪೌಂಡ್ ಸಿಗುತ್ತದೆ.

ಬಾಣದ ಗಡಸುತನವನ್ನು ಅಳೆಯುವುದನ್ನು ಬಹುತೇಕರು ಬಿಟ್ಟೇಬಿಡುತ್ತಾರೆ. ಹಲಗೆಯೊಂದಕ್ಕೆ 66 ಸೆಂಟಿಮೀಟರ್ ಅಂತರದಲ್ಲಿ ಎರಡು ಮೊಳೆ ಹೊಡೆದು, ಗರಿ ಕಟ್ಟದ ಬಾಣದ ಕಡ್ಡಿಯನ್ನು ಅವುಗಳ ಮೇಲಿಟ್ಟು, ಸರಿಯಾಗಿ ನಡುವಿಗೆ 907 ಗ್ರಾಂ, ಅಂದರೆ ಎರಡು ಪೌಂಡ್, ಮರಳಿನ ಚೀಲವನ್ನು ನೇತುಹಾಕಿ. ಕಡ್ಡಿ ಎಷ್ಟು ಮಿಲಿಮೀಟರ್ ಜಗ್ಗಿತೋ ಆ ಸಂಖ್ಯೆಯಿಂದ 660ನ್ನು ಭಾಗಿಸಿದರೆ ಅದರ ಗಡಸು ಪೌಂಡ್‌ನಲ್ಲಿ ಬರುತ್ತದೆ: 22 ಮಿಲಿಮೀಟರ್ ಜಗ್ಗಿದರೆ 30, ಹದಿನಾರೂವರೆ ಜಗ್ಗಿದರೆ 40. ಮರದ ಕಡ್ಡಿಯ ಒಂದು ಮಗ್ಗುಲು ಇನ್ನೊಂದಕ್ಕಿಂತ ಗಡಸಾಗಿರುವುದರಿಂದ, ಹೊರಳಿಸಿ ಅಳೆದು ಗಡಸು ಮಗ್ಗುಲಿಗೆ ಗುರುತು ಹಾಕಿ. ಬಿಲ್ಲಿಗೆ ತಾಗುವುದು ಆ ಮಗ್ಗುಲೇ ಆಗಿರಬೇಕು. ಹಿಡಿ ದಪ್ಪನಾಗಿರುವ 40 ಪೌಂಡ್ ಬಿಲ್ಲಿಗೆ, 28 ಇಂಚಿನ ಬಾಣಕ್ಕೆ ಸುಮಾರು 8 ಗ್ರಾಂ ಮೊನೆ ಇದ್ದರೆ, 30ರಿಂದ 35ರ ಗಡಸಿನ ಕಡ್ಡಿಯಿಂದ ಆರಂಭಿಸುವುದು ಒಳ್ಳೆಯದು. ಬಾಣ ಒಂದಿಂಚು ಉದ್ದವಾದಂತೆ ಐದು ಪೌಂಡ್ ಹೆಚ್ಚಿನ ಗಡಸು ಬೇಕಾಗುತ್ತದೆ.

ತೂಕದಲ್ಲಿ ಜಿಪುಣತನ ಬೇಡ. ಅದೇ 40 ಪೌಂಡ್ ಬಿಲ್ಲಿಗೆ ಮೊನೆ, ಗರಿ ಸೇರಿ 23ರಿಂದ 26 ಗ್ರಾಂ ಇರಲಿ. ತೀರಾ ಹಗುರವಾದ ಬಾಣವು ಬರಿ ಹೆದೆಯನ್ನು ಮಿಡಿದಷ್ಟೇ ಪೆಟ್ಟು ಕೊಟ್ಟು ಬಿಲ್ಲನ್ನು ಸೀಳಬಲ್ಲದು.

ಬಿದಿರಿನ ಕಡ್ಡಿಯಾದರೆ ದಪ್ಪನೆಯ ತುದಿ ಮುಂದಕ್ಕಿರಲಿ. ಹೆದೆ ಕೂರುವ ಕಚ್ಚನ್ನು ಗಿಣ್ಣಿನ ಹಿಂಬದಿಗೆ ಹೊಂದಿಕೊಂಡಂತೆ ಕೊರೆದು, ಬುಡಕ್ಕೆ ದಾರ ಸುತ್ತಿ; ಇಲ್ಲವಾದರೆ ಕಡ್ಡಿ ಸೀಳಿಹೋಗುತ್ತದೆ.

ಇನ್ನು ಪರೀಕ್ಷೆ. ಗರಿ ಕಟ್ಟದ ಎರಡು ಮೂರು ಕಡ್ಡಿಗಳಿಗೆ ಅದೇ ತೂಕದ ಮೊನೆ ಹಾಕಿ, ಗರಿಯುಳ್ಳ ಬಾಣಗಳ ಜತೆಗೆ ಹತ್ತು ಹದಿನೈದು ಹೆಜ್ಜೆ ದೂರದಿಂದ ಹುಲ್ಲಿನ ಹೊರೆಗೆ ಬಿಡಿ. ಚುಚ್ಚಿಕೊಂಡ ಬರಿ ಕಡ್ಡಿಯ ಬಾಲ ಮೇಲೆದ್ದಿದ್ದರೆ ಹೆದೆಯ ಮೇಲೆ ಬಾಣ ಹೂಡುವ ಜಾಗ ಎತ್ತರವಾಗಿದೆಯೆಂದರ್ಥ. ಇದನ್ನು ಮೊದಲೇ ಸರಿಪಡಿಸಿಕೊಳ್ಳದೆ ಎಡಬಲದ ತಂಟೆಗೆ ಹೋಗಬೇಡಿ. ಬಲಗೈಯಿಂದ ಎಳೆಯುವವರ ಬರಿ ಕಡ್ಡಿ ಗರಿಯ ಬಾಣಗಳ ಎಡಕ್ಕೆ ಬಿದ್ದರೆ ಗಡಸು ಹೆಚ್ಚಾಗಿದೆ: ಮೊನೆಯ ಭಾರ ಹೆಚ್ಚಿಸಿ, ಇಲ್ಲವೇ ಮರದ ಕಡ್ಡಿಯಾದರೆ ನಡುಭಾಗವನ್ನು ಸುತ್ತಲೂ ಸಮನಾಗಿ ಉಪ್ಪುಕಾಗದದಿಂದ ಉಜ್ಜಿ. ಬಲಕ್ಕೆ ಬಿದ್ದರೆ ಕಡ್ಡಿ ಮೆದು: ಮೊನೆ ಹಗುರಮಾಡಿ, ಅಥವಾ ಕಾಲು ಇಂಚಿನಂತೆ ಕತ್ತರಿಸುತ್ತ ಬನ್ನಿ. ಎಡಗೈಯವರಿಗೆ ಇದೆಲ್ಲ ತಿರುವುಮುರುವು. ಒಂದೇ ಹೊಡೆತ ನೋಡಿ ಕತ್ತರಿ ಹಿಡಿಯಬೇಡಿ, ಏಕೆಂದರೆ ಬೆರಳು ಸರಿಯಾಗಿ ಬಿಡದಿದ್ದರೂ ಕಡ್ಡಿ ಇದೇ ರೀತಿ ಸುಳ್ಳು ಹೇಳುತ್ತದೆ.

ಗರಿ ಟರ್ಕಿ ಕೋಳಿಯದೇ ಇರಲಿ, ಮೂರೂ ಒಂದೇ ಬದಿಯ ರೆಕ್ಕೆಯವಾಗಿರಲಿ. ಅಗ್ಗದ ಬಾಣಗಳಿಗೆ ಅಂಟಿಸಿರುವ ಪ್ಲಾಸ್ಟಿಕ್ ಗರಿ ಮರದ ಹಿಡಿಗೆ ಬಡಿದು ಬಾಣವನ್ನು ಸೊಟ್ಟಮಾಡುತ್ತದೆ; ನಿಜವಾದ ಗರಿಯಾದರೆ ಹಿಡಿಗೆ ತಾಗಿದಾಗ ಮಡಚಿಕೊಂಡು ಮತ್ತೆ ಏಳುತ್ತದೆ.

ಹಸಿ ಬಿದಿರು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿದರೆ ಸೊಗಸು, ಆದರೆ ಗರಿ ಅಂಟಿಸಿದ ಬಾಣವನ್ನು ಅಲ್ಲಿಟ್ಟರೆ ಶಾಖಕ್ಕೆ ಅಂಟು ಬಿಡುತ್ತದೆ. ಮಳೆಗಾಲದಲ್ಲಿ ಬಿಲ್ಲೂ ಬಾಣವೂ ತೇವ ಹೀರಿ ಮೆತ್ತಗಾಗುವುದರಿಂದ, ದೀಪಾವಳಿ ಕಳೆದು ಹವೆ ಒಣಗಿದ ಮೇಲೆ ಅಳತೆಗಳನ್ನೆಲ್ಲ ಇನ್ನೊಮ್ಮೆ ತೆಗೆದುಕೊಳ್ಳಿ. ಹೂಡುವ ಮುನ್ನ ಪ್ರತಿ ಬಾಣವನ್ನೂ ಕಿವಿಯ ಬಳಿ ಹಿಡಿದು ಮೆಲ್ಲಗೆ ಬಾಗಿಸಿ. ಚಟ್ಟೆಂದರೆ ಅದು ಒಲೆಗೆ.