20 ಪೌಂಡಿನೊಳಗೆ ಇವತ್ತೇ ಕುಡಿಯೋ ಪೋರ್ಟ್: ನನ್ನ ಅನುಭವ

ಇಂಗ್ಲೆಂಡಿನ ರೆಡಿಂಗಲ್ಲಿರೋ ನಮ್ಮ ಗ್ಯಾಂಗಲ್ಲಿ ಎಲ್ರದ್ದೂ ಒಂದೇ ವಾದ, ಪೋರ್ಟ್ (ಬ್ರಾಂಡಿ ಬೆರೆಸಿದ ಸಿಹಿ ವೈನ್) ಅಂದ್ರೆ ವಿಂಟೇಜೇ, ಅಂದ್ರೆ ಒಂದೇ ಒಳ್ಳೆ ವರ್ಷದ ದ್ರಾಕ್ಷಿದೇ ತಗೋಬೇಕು, 20 ಪೌಂಡಿನ ಕೆಳಗಿರೋದೆಲ್ಲ ಸಕ್ಕರೆ ಪಾಕ, ಕಾಸಿಗೆ ತಕ್ಕ ಕಜ್ಜಾಯ ಕಣೋ ಅಂತ. ಇಂಡಿಯಾದಲ್ಲಿ ಪೋರ್ಟ್ ಅಂತ ಸಿಗೋ ಸಿಹಿ ಕೆಂಪು ವೈನ್ ಕುಡಿದು ಬೆಳೆದವರಿಗೆ ಆ ಅನುಮಾನ ಸಹಜ, ಆದ್ರೆ ಅದಕ್ಕೂ ನಿಜವಾದ ಪೋರ್ಟ್ ಬರೋ ಪೋರ್ಚುಗಲ್ಲಿನ ಡೋರೋ ಕಣಿವೆಗೂ ಸಂಬಂಧ ಇಲ್ಲ. ಕೊನೆಗೆ ದೀಪಾವಳಿ ಊಟ ಆದ್ಮೇಲೆ ಲೇಬಲ್ ಮುಚ್ಚಿ ಎರಡು ಬಾಟಲಿ ಇಟ್ಟೆ, ಒಂದು 70 ಪೌಂಡಿನ ಆಸುಪಾಸಿನ 2017ರ ವಿಂಟೇಜ್, ಎಲ್ರೂ ಸೇರಿ ದುಡ್ಡು ಹಾಕಿದ್ದು, ಇನ್ನೊಂದು ನನ್ನ 16 ಪೌಂಡಿನ ಎಲ್‌ಬಿವಿ (ಲೇಟ್ ಬಾಟಲ್ಡ್ ವಿಂಟೇಜ್, ತಡವಾಗಿ ಬಾಟಲಿಗೆ ತುಂಬಿದ್ದು). ಮೊದಲು ಖಾಲಿ ಆಗಿದ್ದು ನಂದು!

ವಿಂಟೇಜ್ ಕೆಟ್ಟದಾಗಿರ್ಲಿಲ್ಲ, ಎಳೆಯದು ಅಷ್ಟೆ. ಎರಡು ವರ್ಷದ ಸುಮಾರಿಗೆ ಬಾಟಲಿಗೆ ತುಂಬಿಬಿಡ್ತಾರೆ, ಆಮೇಲೆ ಅದು ಅಲ್ಲೇ 20-30 ವರ್ಷ ಮಾಗ್ಬೇಕು, ಈಗ ತೆಗೆದ್ರೆ ಎಳೆ ಅಡಿಕೆ ಅಗಿದಂಗೆ ಬಾಯೆಲ್ಲ ಚೊಗರು. 2011, 2016 ಎಲ್ಲಾದಕ್ಕೂ ಇದೇ ಮಾತು, ಜಾಗ ಮತ್ತೆ ತಾಳ್ಮೆ ಇದ್ರೆ ತಗೊಂಡಿಡಿ, ಇವತ್ತು ರಾತ್ರಿಗೆ ಬೇಡ. 8-9 ಪೌಂಡಿನ ಮಾಮೂಲಿ ರೂಬಿಗೂ (ಎಳೆ, ಅಗ್ಗದ ಕೆಂಪು ಪೋರ್ಟ್) ಸುಮಾರು ದುಡ್ಡು ಹಾಕಿದೀನಿ, ಎರಡನೇ ಗ್ಲಾಸಿಗೇ ಸಿಹಿ ಮುಖಕ್ಕೆ ಹೊಡಿಯತ್ತೆ.

ಎಲ್‌ಬಿವಿ ನಾಲ್ಕರಿಂದ ಆರು ವರ್ಷ ಮರದ ಪೀಪಾಯಿಲಿದ್ದು ಬರೋದ್ರಿಂದ ಚೊಗರು ಅಲ್ಲೇ ಇಳಿದಿರತ್ತೆ. ಆದ್ರೆ ಎಲ್ಲಾ ಎಲ್‌ಬಿವಿನೂ ಒಂದೇ ಅಲ್ಲ, ನಾನು ಮೊದಲು ನೋಡೋದು ಮುಚ್ಚಳ. ಕೈಲಿ ತಿರುಗಿಸಿ ತೆಗೆಯೋ ಪ್ಲಾಸ್ಟಿಕ್ ತಲೆ ಕಾರ್ಕ್ ಇದ್ರೆ ಸಾಮಾನ್ಯವಾಗಿ ಫಿಲ್ಟರ್ ಆಗಿರೋದು, ಕುಡಿಯಕ್ಕೆ ಚೆನ್ನಾಗೇ ಇರತ್ತೆ, ಆದ್ರೆ ಇಟ್ರೆ ಹೆಚ್ಚೇನೂ ಬೆಳೆಯಲ್ಲ. ಸ್ಕ್ರೂ ಹಾಕಿ ಎಳೆಯೋ ಪೂರ್ತಿ ಕಾರ್ಕ್ ಇದ್ದು, ಲೇಬಲ್ ಮೇಲೆ ಅನ್‌ಫಿಲ್ಟರ್ಡ್ ಅಂತಿದ್ರೆ ಕೈ ಹಾಕಿ. ಬಾಟಲ್ ಮೆಚ್ಯೂರ್ಡ್ ಅಂತಿದ್ರಂತೂ ಕಂಪನಿಯವರೇ ಕನಿಷ್ಠ ಮೂರು ವರ್ಷ ಇಟ್ಕೊಂಡು ಮಾರಿರ್ತಾರೆ, ವಾರ್ ಅನ್ನೋ ಕಂಪನಿದು ಹಾಗೇ ಬರತ್ತೆ, ಕಾಯೋ ಕೆಲಸ ಅವರದ್ದು, ಕುಡಿಯೋದು ನಮ್ಮದು. ಕಿಂಟಾ ಡೊ ನೊವಾಲ್ ಕಂಪನಿಯ ಅನ್‌ಫಿಲ್ಟರ್ಡೂ ನಂಗೆ ತುಂಬಾ ಇಷ್ಟ. ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ, ಗಸಿ ಕೆಳಗಿಳಿಯತ್ತೆ, ನಿಧಾನಕ್ಕೆ ಜಗ್ಗಿಗೆ ಬಗ್ಗಿಸಿ, ಕುತ್ತಿಗೆ ಹತ್ರ ಕಪ್ಪು ಗಸಿ ಕಂಡ ತಕ್ಷಣ ನಿಲ್ಲಿಸಿ. ಬಗ್ಗಿಸಿ ಎಷ್ಟು ಹೊತ್ತು ಬಿಡ್ತೀನಿ ಅನ್ನೋದನ್ನ ಮಾತ್ರ ಹೇಳಲ್ಲ, ಗ್ಯಾಂಗಿಗೂ ಹೇಳಿಲ್ಲ.

ಕಂದು ಬಣ್ಣದ ಪೋರ್ಟ್ ಟಾನಿದು ಬೇರೆ ಕಥೆ. 10 ವರ್ಷದ ಟಾನಿ ಮರದ ಪೀಪಾಯಿಲೇ ಮಾಗಿ ಬಂದಿರತ್ತೆ, ಬಾಟಲಿಯಲ್ಲಿಟ್ಟು ಪ್ರಯೋಜನ ಇಲ್ಲ, ಅದಕ್ಕೇ ಹಿಂದಿನ ಲೇಬಲಲ್ಲಿ ಬಾಟಲಿಗೆ ತುಂಬಿದ ವರ್ಷ ನೋಡಿ. ಮೂಲೆ ಅಂಗಡಿಯೊಂದರಲ್ಲಿ ಆಫರ್ ಅಂತ 14 ಪೌಂಡಿಗೆ ಕೊಟ್ಟಿದ್ದು ಎಂಟು ವರ್ಷ ಹಿಂದೆ ತುಂಬಿದ್ದು, ಬಾದಾಮಿ ಗೋಡಂಬಿ ಘಮ ಎಲ್ಲಾ ಸತ್ತು ಬರೀ ಸಿಹಿ ಉಳಿದಿತ್ತು. ಹೊಸದಾಗಿ ತುಂಬಿರೋದನ್ನ ಫ್ರಿಜ್ಜಲ್ಲಿ ಅರ್ಧ ಗಂಟೆ ಇಟ್ಟು ತಣ್ಣಗೆ ಕುಡೀರಿ.

ಇದರ ನಡುವೆ ತಿಂಡಿ ಪ್ರಯೋಗ ಬೇರೆ. ಎಲ್‌ಬಿವಿಗೆ ಮೈಸೂರ್‌ಪಾಕ್ ಒಗ್ಗಲಿಲ್ಲ, ಸಿಹಿ ಮೇಲೆ ಸಿಹಿ, ಖಾರದ ಚಕ್ಕುಲಿ ಇನ್ನೂ ಕಷ್ಟ, 20 ಪರ್ಸೆಂಟ್ ಆಲ್ಕೋಹಾಲಿಗೆ ಗಂಟಲು ಉರಿಯತ್ತೆ. ಸ್ಟಿಲ್ಟನ್ ಚೀಸ್ ಅಥವಾ ಕಹಿ ಚಾಕ್ಲೇಟೇ ಸರಿ. ಟಾನಿಗೆ ಮಾತ್ರ ತುಪ್ಪ ಹಾಕಿದ ಬೇಳೆ ಹೋಳಿಗೆ ಅದ್ಭುತ, ಬೆಲ್ಲದ ಘಮಕ್ಕೆ ಅದೇ ಜೋಡಿ, ಇದನ್ನ ಯಾರು ಬೇಡ ಅಂದ್ರೂ ನಾನು ಒಪ್ಪಲ್ಲ.

ಕೊಳ್ಳೋದು ಕ್ರಿಸ್ಮಸ್ ಸುತ್ತಮುತ್ತ, ಸೂಪರ್‌ಮಾರ್ಕೆಟ್‌ನೋರು ಪೋರ್ಟ್ ರೇಟ್ ಆಗ ಇಳಿಸ್ತಾರೆ, 16 ಪೌಂಡಿಂದು 12ಕ್ಕೆ ಸಿಕ್ಕಿದ್ದಿದೆ, ವರ್ಷಕ್ಕಾಗೋಷ್ಟು ಆಗಲೇ ಎತ್ತಿಡ್ತೀನಿ. ಎಲ್‌ಬಿವಿ ತೆಗೆದ್ಮೇಲೆ ಫ್ರಿಜ್ಜಲ್ಲಿಟ್ಟು ನಾಲ್ಕೈದು ದಿನದಲ್ಲಿ ಮುಗಿಸಿ, ಟಾನಿ ಆದ್ರೆ ಮೂರು ವಾರ ಆರಾಮಾಗಿ ಬರತ್ತೆ, ಒಬ್ರೇ ಕುಡಿಯೋರು ಅದನ್ನೇ ತಗೊಳ್ಳಿ.