ನೌಕರಿ ಬಿಟ್ಟು ಗೇಮಿಂಗ್ ಚಾನೆಲ್: ಮೊದಲು ಖಾನಾವಳಿ ಲೆಕ್ಕ ಹಾಕಿ

ಮಂದಿ ರೊಕ್ಕ ಕೊಡುವ ರೀತಿ ನಮ್ಮ ಕಡೆ ಎರಡು. ಒಂದು ಗಣಪತಿ ಪಟ್ಟಿ: ವರ್ಷಕ್ಕೊಮ್ಮೆ, ಕೊಟ್ಟಷ್ಟು. ಇನ್ನೊಂದು ಧಾರವಾಡದ ಖಾನಾವಳಿ: ತಿಂಗಳ ರೊಕ್ಕ ಕಟ್ಟಿದ ಹುಡುಗನಿಗೆ ಹೊತ್ತಿಗೆ ಸರಿಯಾಗಿ ರೊಟ್ಟಿ ಬಡಿದಿರಬೇಕು. ಯೂಟ್ಯೂಬ್ ಲೈವ್‌ನಲ್ಲಿ ಬೀಳುವ ಸೂಪರ್ ಚಾಟ್ (ನೋಡುವವರು ರೊಕ್ಕ ಹಾಕಿ ಕಳಿಸುವ ಸಂದೇಶ) ಪಟ್ಟಿಯ ಜಾತಿ, ತಿಂಗಳು ತಿಂಗಳು ಕಟ್ಟುವ ಮೆಂಬರ್‌ಶಿಪ್ ಖಾನಾವಳಿಯ ಜಾತಿ. ನೌಕರಿ ಬಿಡುವ ತೀರ್ಮಾನವನ್ನು ಎರಡನೆಯದರ ಮೇಲೆ ಮಾತ್ರ ಮಾಡಿ. ಪರೀಕ್ಷೆ ಶುರುವಾದ ವಾರ ಚಾಟ್ ಖಾಲಿಯಾಗುತ್ತದೆ, ಮನೆ ಬಾಡಿಗೆ ಖಾಲಿಯಾಗುವುದಿಲ್ಲ.

ಹುಬ್ಬಳ್ಳಿಯಲ್ಲಿ ನಿಮಗೆ ತಿಂಗಳಿಗೆ 25,000 ರೂಪಾಯಿ ಬೇಕು ಅನ್ನೋಣ. ಮೆಂಬರ್‌ಶಿಪ್ 59 ರೂಪಾಯಿ. ಅದರೊಳಗೆ ಶೇ 18 ಜಿಎಸ್‌ಟಿ ಸೇರಿದೆ, ಅದು ಹೋದರೆ 50. ಯೂಟ್ಯೂಬ್ ಶೇ 30 ಹಿಡಿದುಕೊಂಡರೆ ನಿಮ್ಮ ಕೈಗೆ 35. ಅಂದರೆ 715 ಮಂದಿ ಬೇಕು. ಐಫೋನ್ ಆ್ಯಪ್‌ನಿಂದ ಸೇರಿದವರ ಲೆಕ್ಕದಲ್ಲಿ ಆ್ಯಪಲ್‌ನ ಪಾಲೂ ಕಳೆಯುತ್ತದೆ, ಹಾಗಾಗಿ ಬ್ರೌಸರ್‌ನಿಂದ ಸೇರಿ ಎಂದು ಲೈವ್‌ನಲ್ಲಿ ಹೇಳುತ್ತಿರಿ. ಅದೇ 59 ರೂಪಾಯಿಯನ್ನು ನಿಮ್ಮದೇ ಪೇಮೆಂಟ್ ಲಿಂಕ್‌ನಲ್ಲಿ ಪಡೆದರೆ, ರೊಕ್ಕ ದಾಟಿಸಿಕೊಡುವ ಗೇಟ್‌ವೇ ಕಂಪನಿ ಶೇ 2 ಮತ್ತು ಆ ಶುಲ್ಕದ ಮೇಲಿನ ಜಿಎಸ್‌ಟಿ ಹಿಡಿದರೂ 57.61 ಉಳಿಯುತ್ತದೆ. ಆಗ 434 ಮಂದಿ ಸಾಕು.

ಹಾಗಾದರೆ ಎಲ್ಲರನ್ನೂ ಲಿಂಕಿಗೆ ಕರೆಯಬೇಕೆ? ಬೇಡ. ಬ್ಯಾಡ್ಜ್, ಇಮೋಜಿ, ಅವಧಿ ಮುಗಿದವರನ್ನು ತೆಗೆಯುವುದು ಎಲ್ಲವನ್ನೂ ಯೂಟ್ಯೂಬ್ ತಾನೇ ಮಾಡುತ್ತದೆ. ಲಿಂಕ್‌ನಲ್ಲಿ ಯಾರು ಕಟ್ಟಿದರು, ಯಾರು ಬಿಟ್ಟರು ಎಂಬ ಲೆಕ್ಕ ನೀವೇ ಇಡಬೇಕು, ನೂರು ಮಂದಿ ದಾಟಿದರೆ ತಿಂಗಳಿಗೆ ಒಂದು ದಿನ ಅದಕ್ಕೇ ಹೋಗುತ್ತದೆ. ಹೊಸಬರನ್ನು ಯೂಟ್ಯೂಬ್ ಬಟನ್‌ನಿಂದ ಸೇರಿಸಿಕೊಳ್ಳಿ, ಮೂರು ತಿಂಗಳು ಉಳಿದವರಿಗೆ ಲಿಂಕ್ ತೋರಿಸಿ. ತಿಂಗಳು ತಿಂಗಳು ತಾನೇ ಕಡಿತವಾಗುವ ಯುಪಿಐ ಆಟೋಪೇ ಇಟ್ಟರೆ ರೊಕ್ಕ ಕಡಿತವಾಗುವ 24 ತಾಸು ಮೊದಲೇ ಅವರ ಫೋನಿಗೆ ಸಂದೇಶ ಬರುತ್ತದೆ. ರದ್ದು ಮಾಡುವವರು ರದ್ದು ಮಾಡುವುದು ಆಗಲೇ. ತಿಂಗಳ ಒಳ್ಳೆಯ ವಿಡಿಯೊವನ್ನು ಅದಕ್ಕೆ ಎರಡು ದಿನ ಮುಂಚೆ ಹಾಕಿ.

ಮೆಂಬರ್‌ಶಿಪ್ ತೆರೆಯಲು 500 ಸಬ್‌ಸ್ಕ್ರೈಬರ್‌ಗಳು, 90 ದಿನದಲ್ಲಿ 3 ಸಾರ್ವಜನಿಕ ವಿಡಿಯೊ, ಜತೆಗೆ 12 ತಿಂಗಳಲ್ಲಿ 3,000 ತಾಸು ವೀಕ್ಷಣೆ ಅಥವಾ 90 ದಿನದಲ್ಲಿ 30 ಲಕ್ಷ ಶಾರ್ಟ್ಸ್ ವೀಕ್ಷಣೆ ಬೇಕು. ಜಾಹೀರಾತಿನ ಪಾಲಿಗೆ 1,000 ಸಬ್‌ಸ್ಕ್ರೈಬರ್‌ಗಳು, 4,000 ತಾಸು. ಶಾರ್ಟ್ಸ್ ಫೀಡ್‌ನಲ್ಲಿ ನೋಡಿದ ಸಮಯ ಈ ತಾಸಿನ ಲೆಕ್ಕಕ್ಕೆ ಸೇರುವುದಿಲ್ಲ. ಮೈನ್‌ಕ್ರಾಫ್ಟ್ ಆಡುವವರಿಗೆ ಒಂದು ಎಚ್ಚರ: ಚಾನೆಲ್ಲಿಗೆ ‘ಮಕ್ಕಳಿಗಾಗಿ’ ಎಂದು ಗುರುತು ಬಿದ್ದರೆ ಮೆಂಬರ್‌ಶಿಪ್ ಇಲ್ಲ.

ಯೂಟ್ಯೂಬ್ ರೊಕ್ಕ ಕೈಗೆ ಬರುವುದು ಗೂಗಲ್‌ನ ಆ್ಯಡ್‌ಸೆನ್ಸ್ ಖಾತೆಯ ಮೂಲಕ. ಗಳಿಕೆ 10 ಡಾಲರ್ ಮುಟ್ಟಿದಾಗ ವಿಳಾಸ ಖಚಿತಪಡಿಸುವ ಆ್ಯಡ್‌ಸೆನ್ಸ್ ಪಿನ್ ಇರುವ ಪತ್ರ ಅಂಚೆಯಲ್ಲಿ ಬರುತ್ತದೆ. ವಿದ್ಯಾನಗರದಲ್ಲಿ ರೂಮು ಬದಲಿಸುತ್ತಾ ಇರುವವರು ಗದಗ, ಹಾವೇರಿ ಕಡೆಯ ಊರ ಮನೆಯ ವಿಳಾಸ ಕೊಡುವುದು ಲೇಸು, ಪೋಸ್ಟ್‌ಮ್ಯಾನ್‌ಗೆ ಹೆಸರು ಸಾಕು. ಪಾವತಿ 100 ಡಾಲರ್ ದಾಟಿದ ಮೇಲೆ, ತಿಂಗಳ 21ರಿಂದ 26ರೊಳಗೆ. ವಿದೇಶದ ರೊಕ್ಕ ಬರಲು ಬೇಕಾದ ಸ್ವಿಫ್ಟ್ ಕೋಡ್ ಸಣ್ಣ ಊರಿನ ಶಾಖೆಗೆ ಇರುವುದು ಅಪರೂಪ. ಅದೇ ಬ್ಯಾಂಕಿನ ಯಾವ ಶಾಖೆಯ ಕೋಡ್ ಹಾಕಬೇಕೆಂದು ಮ್ಯಾನೇಜರ್‌ರಿಂದ ಬರೆಸಿಕೊಳ್ಳಿ. ಆ್ಯಡ್‌ಸೆನ್ಸ್‌ನ ಅಮೆರಿಕ ತೆರಿಗೆ ಫಾರ್ಮ್ ತುಂಬಿದರೆ ಅಲ್ಲಿನ ವೀಕ್ಷಕರಿಂದ ಬಂದ ಗಳಿಕೆಗಷ್ಟೇ ಶೇ 15 ಕಡಿತ. ತುಂಬದಿದ್ದರೆ ಇಡೀ ಗಳಿಕೆಯ ಶೇ 24ರವರೆಗೆ ಹೋಗಬಹುದು. ಅಭಿಮಾನಿಗಳು ಕೊಟ್ಟ ರೊಕ್ಕ ಕಾಣಿಕೆಯಲ್ಲ, ವೃತ್ತಿಯ ಆದಾಯ. ರಿಟರ್ನ್ಸ್‌ನಲ್ಲಿ ತೋರಿಸಿ.

ಮೆಂಬರ್‌ಗಳಿಗೆ ಏನು ಕೊಡಬೇಕು ಎಂಬಲ್ಲೇ ಹೆಚ್ಚಿನವರು ಮುಗ್ಗರಿಸುತ್ತಾರೆ. ಆಟವನ್ನೇ ಬೀಗದೊಳಗೆ ಇಡಬೇಡಿ. ವ್ಯಾಲೊರಂಟ್ ತಯಾರಿಸುವ ರಯಟ್ ಗೇಮ್ಸ್ ಲೈವ್‌ನಲ್ಲಿ ದೇಣಿಗೆಗೂ ಚಂದಾಕ್ಕೂ ಒಪ್ಪುತ್ತದೆ, ಆದರೆ ಚಂದಾ ಕೊಡದವರಿಗೂ ಅದೇ ಹೊತ್ತಿಗೆ ಆಟ ಕಾಣಬೇಕು. ಪ್ರತಿ ಕಂಪನಿಯ ವಿಡಿಯೊ ನಿಯಮ ಬೇರೆ, ಓದಿಯೇ ಶುರು ಮಾಡಿ. ಮಾರಬೇಕಾದದ್ದು ನಂಟು: ಭಾನುವಾರ ರಾತ್ರಿ ಮೆಂಬರ್‌ಗಳ ಕಸ್ಟಮ್ ರೂಮ್ (ಅವರಷ್ಟೇ ನಿಮ್ಮ ಜೊತೆ ಆಡುವ ಪಂದ್ಯ), ಮುಂದಿನ ಆಟ ಯಾವುದೆಂಬ ಮತದಾನ. ಎರಡೇ ಮಾತು ಕೊಡಿ, ಎರಡನ್ನೂ ತಪ್ಪದೆ ನಡೆಸಿ. ‘299 ಕೊಟ್ಟರೆ ನಿಮ್ಮೊಬ್ಬರ ಜೊತೆ ಒಂದು ತಾಸು’ ಎನ್ನುವುದು ಚೆಂದ ಕೇಳಿಸುತ್ತದೆ. ಮೂವತ್ತು ಮಂದಿ ಸೇರಿದರೆ ತಿಂಗಳಿಗೆ ಮೂವತ್ತು ತಾಸು ಅಲ್ಲೇ ಹೋಯಿತು. ಇನ್ನು ಮಾತಿನ ಸಂಗತಿ: ಬೆಂಗಳೂರು ಕನ್ನಡಕ್ಕೆ ನಾಲಿಗೆ ತಿರುಗಿಸಬೇಡಿ. ‘ಹಿಂದ ನೋಡಲೇ, ಬಂದಾನ ಅಂವಾ’ ಅಂದಾಗಲೇ ನರಗುಂದದ ಹುಡುಗ ಇದು ನಮ್ಮ ಚಾನೆಲ್ ಅಂದುಕೊಳ್ಳುವುದು.

ಒಂದೇ ಆಟಕ್ಕೆ ಜೋತು ಬೀಳಬೇಡಿ. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಮೊಬೈಲ್, 2022ರ ಫೆಬ್ರುವರಿಯಲ್ಲಿ ಫ್ರೀ ಫೈರ್ ನಿಷೇಧವಾದವು. ಪಬ್‌ಜಿಯ ಭಾರತದ ರೂಪವಾದ ಬಿಜಿಎಂಐ 2022ರ ಜುಲೈನಲ್ಲಿ ಆ್ಯಪ್ ಸ್ಟೋರ್‌ನಿಂದ ಮಾಯವಾಗಿ ಮರಳಿದ್ದು 2023ರ ಮೇನಲ್ಲಿ. ವಾರಕ್ಕೊಂದು ದಿನ ಬೇರೆ ಆಟ ಆಡಿ, ಎಷ್ಟು ಮೆಂಬರ್‌ಗಳು ಬಂದರು ಎಣಿಸಿ. ಬಂದವರು ನಿಮ್ಮವರು, ಉಳಿದವರು ಆಟದವರು.

ಸಲಕರಣೆ ವಿಚಾರದಲ್ಲಿ ಎರಡೇ ಮಾತು. ಲೈವ್ ಕಳಿಸುವ, ರೆಕಾರ್ಡ್ ಮಾಡುವ ಸಾಫ್ಟ್‌ವೇರ್ ಒಬಿಎಸ್‌ನಲ್ಲಿ ರೆಕಾರ್ಡಿಂಗ್ ಎಂಕೆವಿ ರೂಪದಲ್ಲಿರಲಿ. ಕರೆಂಟ್ ಹೋದರೆ ಮಾಮೂಲಿ ಎಂಪಿ4 ಫೈಲ್ ಪೂರ್ತಿ ಹಾಳಾಗಬಹುದು, ಎಂಕೆವಿ ಅಲ್ಲಿಯವರೆಗಾದರೂ ಉಳಿಯುತ್ತದೆ. ರೌಟರ್‌ಗೆ 12 ವೋಲ್ಟ್‌ನ ಪುಟ್ಟ ಯುಪಿಎಸ್ ಬೇರೆಯೇ ಇಡಿ.

ಬೆಟ್ಟಿಂಗ್, ರಮ್ಮಿ ಆ್ಯಪ್‌ನವರು ಒಂದು ವಿಡಿಯೊಗೆ ನಿಮ್ಮ ಎರಡು ತಿಂಗಳ ಗಳಿಕೆ ಕೊಡುತ್ತೇವೆ ಎನ್ನಬಹುದು. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆಯಲ್ಲಿ ಹಣದ ಆಟದ ಜಾಹೀರಾತಿಗೆ ಎರಡು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಇದೆ.

ಚಾನೆಲ್‌ನ ಬ್ಯಾಂಕ್ ಖಾತೆ ಮನೆ ಖಾತೆಯಿಂದ ಬೇರೆ ಇರಲಿ. ಯುಪಿಐ ಐಡಿಯಲ್ಲಿ ಮೊಬೈಲ್ ಸಂಖ್ಯೆ ಬೇಡ. ವಂಚನೆಯ ರೊಕ್ಕ ಯಾರೋ ಹಾಕಿದರೆ ಖಾತೆಯೇ ತಡೆಗೆ ಸಿಗಬಹುದು, ಆಗ ಮನೆಯ ರೇಷನ್ ನಿಲ್ಲಬಾರದು. ಅಪ್ಪನ ಫೋನಿನಿಂದ ಹುಡುಗ 500 ಹಾಕಿದ್ದಾನೆ ಎಂದು ಮನೆಯವರು ಕೇಳಿದರೆ ವಾದಿಸದೆ ಮರಳಿಸಿ. ಆದರೆ ಸ್ಕ್ರೀನ್‌ಶಾಟ್ ನಂಬಬೇಡಿ: ಮೊದಲು ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ರೊಕ್ಕ ಬಂದದ್ದು ಕಾಣಬೇಕು, ಹೊಸ ನಂಬರ್ ಕೊಟ್ಟರೂ ಬಂದ ಖಾತೆಗೇ ಹೋಗಬೇಕು.