ಬರೀ 4096 ಅಂದ್ರೆ ಎಷ್ಟು ಮೆಮೊರಿ?

ಟೀಮಿನವರು ಬರೆದ ಸರ್ವರ್ ಸೆಟಪ್ ಪುಟಗಳನ್ನು ಓದಿ ತಿದ್ದುವುದು ನನ್ನ ಕೆಲಸ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನ ಮೆಮೊರಿ ಸೆಟಿಂಗುಗಳ ಪುಟ ಕೈಗೆ ಬಂದರೆ, ಯೂನಿಟ್ ಇಲ್ಲದ ಅಂಕಿ ಎಲ್ಲಿದೆ ಅಂತ ಮೊದಲು ನೋಡುತ್ತೇನೆ.

4096 ಅನ್ನೇ ತಗೊಳ್ಳಿ. ಶೇರ್ಡ್ ಬಫರ್ಸ್ (ಇಡೀ ಡೇಟಾಬೇಸ್ ಹಂಚಿಕೊಳ್ಳುವ ಮೆಮೊರಿ) ಮುಂದೆ ಬರೀ 4096 ಇದ್ದರೆ ಅದು ಬ್ಲಾಕುಗಳ ಲೆಕ್ಕ. ಸಾಮಾನ್ಯವಾಗಿ ಒಂದು ಬ್ಲಾಕ್ 8 ಕೆಬಿ, ಒಟ್ಟು 32 ಎಂಬಿ. ವರ್ಕ್ ಮೆಮ್ (ಸಾರ್ಟಿಂಗ್‌ನಂಥ ಒಂದೊಂದು ಕೆಲಸಕ್ಕೆ ಸಿಗುವ ಮೆಮೊರಿ) ಮುಂದೆ ಅದೇ ಅಂಕಿ ಕೆಬಿ ಲೆಕ್ಕ, ಅಂದರೆ 4 ಎಂಬಿ. ಓದುವವರು ಅದನ್ನು ಎಂಬಿ ಲೆಕ್ಕ, ಅಂದರೆ 4 ಜಿಬಿ ಅಂದ್ಕೊಂಡು ಹಾಕಿಬಿಡುತ್ತಾರೆ. ಎರರ್ ಏನೂ ಬರಲ್ಲ. ಡೇಟಾಬೇಸ್ ಸುಮ್ನೆ ನಿಧಾನಕ್ಕೆ ಓಡುತ್ತಿರುತ್ತದೆ. ಇದಕ್ಕಿಂತ ಎರರ್ ಬಂದಿದ್ದರೇ ವಾಸಿ ಅಲ್ವಾ?

ಆದ್ದರಿಂದ ಅಂಕಿಗೆ ಅಂಟಿಸಿಯೇ ಜಿಬಿ, ಎಂಬಿ ಬರೆಯಿರಿ. 2006ರ 8.2 ಆವೃತ್ತಿಯಿಂದಲೇ ಇದಕ್ಕೆ ಅವಕಾಶವಿದೆ, ಈಗಲೂ ಬ್ಲಾಕ್ ಎಣಿಸುತ್ತಾ ಕೂರುವುದು ಯಾಕೆ? ಇಂಗ್ಲಿಷಿನಲ್ಲಿ ಕೆಬಿ ಬರೆಯುವಾಗ ಕೆ ಚಿಕ್ಕದು, ಬಿ ದೊಡ್ಡದು. ಎರಡನ್ನೂ ದೊಡ್ಡದು ಮಾಡಿದರೆ ಪೋಸ್ಟ್‌ಗ್ರೆಸ್ ಒಪ್ಪುವುದಿಲ್ಲ. ಒಂದು ಎಂಬಿಗೆ 1024 ಕೆಬಿ, 1000 ಅಲ್ಲ. ಇದನ್ನೂ ಪುಟದ ಮೇಲ್ಗಡೆ ಒಂದು ಸಾಲಿನಲ್ಲಿ ಹೇಳಿಬಿಡಿ.

ಯಾವುದರ ಯೂನಿಟ್ ಏನು ಅಂತ ಊಹಿಸಬೇಡಿ. ಪೋಸ್ಟ್‌ಗ್ರೆಸ್ ತನ್ನ ಸೆಟಿಂಗುಗಳನ್ನು ಪಟ್ಟಿ ಮಾಡಿ ತೋರಿಸುವ ಪಿಜಿ ಸೆಟಿಂಗ್ಸ್ ಎಂಬ ವ್ಯೂನಲ್ಲಿ ಯೂನಿಟ್ ಅಂತಲೇ ಒಂದು ಕಾಲಂ ಇದೆ. ಶೇರ್ಡ್ ಬಫರ್ಸ್ 128 ಎಂಬಿ ಇದ್ದರೆ ಅಲ್ಲಿ 16384 ಅಂತ ಕಾಣುತ್ತದೆ, ಪಕ್ಕದಲ್ಲಿ 8 ಕೆಬಿ. ಗುಣಿಸಿ ನೋಡಿ, ಸರಿಹೋಗುತ್ತದೆ.

ಜಾಸ್ತಿ ಗೊಂದಲ ಲಿನಕ್ಸ್ ಕರ್ನಲ್ ಕಡೆಯದು. ಹಂಚಿಕೊಳ್ಳುವ ಮೆಮೊರಿಗೆ ಅಲ್ಲಿ ಎರಡು ಮಿತಿಗಳಿವೆ: ಒಂದು ತುಂಡಿನ ಮಿತಿ ಎಸ್‌ಎಚ್‌ಎಂ ಮ್ಯಾಕ್ಸ್ ಬೈಟ್‌ಗಳಲ್ಲಿ, ಒಟ್ಟು ಮಿತಿ ಎಸ್‌ಎಚ್‌ಎಂ ಆಲ್ ಪೇಜುಗಳಲ್ಲಿ (ಕರ್ನಲ್ ಮೆಮೊರಿಯನ್ನು ಹಂಚುವ ತುಂಡುಗಳು). 16 ಜಿಬಿಗೆ ಮೊದಲನೆಯದು 17179869184, ಎರಡನೆಯದು 4194304. ಆದರೆ ಈ ಎರಡನೇ ಅಂಕಿ, ಪೇಜ್ 4096 ಬೈಟ್ ಇದ್ದಾಗ ಮಾತ್ರ ಸರಿ. ಆರ್ಮ್ ಪ್ರೊಸೆಸರ್ ಇರುವ ಕೆಲವು ಸರ್ವರುಗಳಲ್ಲಿ ಪೇಜ್ 64 ಕೆಬಿ ಇರುತ್ತದೆ. ಹಾಗಾಗಿ ಪುಟದಲ್ಲಿ ಉತ್ತರದ ಜೊತೆ ಲೆಕ್ಕವನ್ನೂ ತೋರಿಸಿ: ಬೇಕಾದ ಬೈಟ್ ಭಾಗಿಸು ಪೇಜ್ ಸೈಜ್. ಪೋಸ್ಟ್‌ಗ್ರೆಸ್ 9.3 ಆವೃತ್ತಿಯಿಂದೀಚೆಗೆ ಇವೆರಡನ್ನೂ ಮುಟ್ಟುವ ಅಗತ್ಯ ಬಹುತೇಕರಿಗೆ ಇಲ್ಲ ಅಂತಲೂ ಬರೆಯಿರಿ. ಇಲ್ಲದಿದ್ದರೆ ಸುಮ್ಮನಿದ್ದ ಸರ್ವರನ್ನು ಯಾರಾದರೂ ಕೆದಕುತ್ತಾರೆ.

ಲಿನಕ್ಸಿನ ಹ್ಯೂಜ್ ಪೇಜಸ್ (ಮಾಮೂಲಿಗಿಂತ ದೊಡ್ಡ ಮೆಮೊರಿ ಪೇಜುಗಳು) ಅಂಕಿಯೂ ಎಂಬಿ ಅಲ್ಲ, ಪೇಜುಗಳ ಎಣಿಕೆ. ಒಂದು ಪೇಜ್ 2 ಎಂಬಿ ಇದ್ದರೆ 4096 ಅಂದರೆ 8 ಜಿಬಿ! 15ನೇ ಆವೃತ್ತಿಯಿಂದ ಎಷ್ಟು ಪೇಜ್ ಬೇಕು ಅಂತ ಪೋಸ್ಟ್‌ಗ್ರೆಸ್ಸೇ ಹೇಳುತ್ತದೆ. ಕಮಾಂಡ್ ಲೈನಿನಿಂದ ಕೇಳುವುದಾದರೆ ಸರ್ವರ್ ನಿಲ್ಲಿಸಿರಬೇಕು. ಆ ಸೂಚನೆಯನ್ನು ಕಮಾಂಡಿನ ಕೆಳಗಲ್ಲ, ಮೇಲೆ ಹಾಕಿ.